ಕಿರುಬೆರಳಿನ ತಕರಾರು

ನೀಲಿ ಟೈಪಿಂಗಿಗೆ, ಕೆಂಪು ಗೇಮಿಂಗಿಗೆ, ಕಂದು ಎರಡಕ್ಕೂ. ಮೆಕ್ಯಾನಿಕಲ್ ಕೀಬೋರ್ಡ್ ಕೊಳ್ಳಬೇಕು ಎಂದು ಬಾಯಿಬಿಟ್ಟರೆ ಸಾಕು, ಈ ಗಿಳಿಪಾಠ ಕಿವಿಗೆ ಬೀಳುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿ ಹುಡುಗ ಹೇಳುವುದೂ ಇದನ್ನೇ, ಆಫೀಸಿನಲ್ಲಿ ಪಕ್ಕದಲ್ಲಿ ಕೂರುವ ಸಕಲ ಕಲಾ ವಲ್ಲಭ ಹೇಳುವುದೂ ಇದನ್ನೇ. ದಿನವಿಡೀ ಟೈಪ್ ಮಾಡುವವರಿಗೆ ಮೆಕ್ಯಾನಿಕಲ್ ಬೇಕು, ಅದರಲ್ಲೂ ನೀಲಿ ಸ್ವಿಚ್ ಇರಬೇಕು, ಕೈನೋವು ತಾನೇ ಹೋಗುತ್ತದೆ. ನಾನು ಅನುವಾದ ಮಾಡಿ, ಕರಡು ತಿದ್ದಿ ಬದುಕುವವನು. ದಿನಕ್ಕೆ ಹನ್ನೆರಡರಿಂದ ಹದಿನೈದು ಪುಟ ಕನ್ನಡ ನನ್ನ ಬೆರಳಿನಿಂದ ಇಳಿಯುತ್ತದೆ. ಈ ಮಾತು ನಂಬಿ 4,800 ರೂಪಾಯಿ ತೆತ್ತೆ. ಹೋದದ್ದು ನೋವಲ್ಲ, ಮನೆಯವರ ನಿದ್ದೆ.

ನಂಬಿದ್ದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ಈ ಗಿಳಿಪಾಠವೂ ತಪ್ಪು. ಇದು ಹೆಚ್ಚುಕಡಿಮೆ ಆದ ಮಾತಲ್ಲ, ಬುಡದಿಂದಲೇ ತಪ್ಪು.

ಮೊದಲು ಈ ಬಣ್ಣದ ಗುಟ್ಟು. ಮೆಕ್ಯಾನಿಕಲ್ ಕೀಬೋರ್ಡಿನಲ್ಲಿ ಪ್ರತಿ ಕೀಲಿಯ ಕೆಳಗೂ ಒಂದೊಂದು ಸ್ವತಂತ್ರ ಸ್ವಿಚ್, ಅದರೊಳಗೆ ಒಂದು ಪುಟ್ಟ ಸ್ಪ್ರಿಂಗ್. ಜರ್ಮನಿಯ ಚೆರಿ ಕಂಪನಿ ಎಂಎಕ್ಸ್ ಎಂಬ ಹೆಸರಿನ ಇಂಥ ಸ್ವಿಚ್ಚನ್ನು 1980ರ ದಶಕದಲ್ಲಿ ತಂದಾಗ ಒಂದನ್ನೊಂದು ಗುರುತಿಸಲು ಒಳಗಿನ ಪ್ಲಾಸ್ಟಿಕ್ ಕಡ್ಡಿಗೆ ಬೇರೆಬೇರೆ ಬಣ್ಣ ಕೊಟ್ಟಿತು. ಅಷ್ಟೇ. ಒತ್ತಿದಾಗ ಕ್ಲಿಕ್ ಎನ್ನುವುದು ನೀಲಿ, ಸದ್ದಿಲ್ಲದೆ ನಡುವೆ ಸಣ್ಣಗೆ ತಡೆದು ಮುಂದೆ ಹೋಗುವುದು ಕಂದು, ಯಾವ ತಡೆಯೂ ಇಲ್ಲದೆ ಜಾರುವುದು ಕೆಂಪು. ಚೆರಿಯ ಪೇಟೆಂಟ್ ಅವಧಿ ಮುಗಿದ ಮೇಲೆ ಗೇಟರಾನ್, ಕೈಲ್ ಮುಂತಾದ ಚೀನಾದ ತಯಾರಕರು ಅದೇ ಅಚ್ಚಿನಲ್ಲಿ ತಮ್ಮ ಸ್ವಿಚ್ ಎರಕ ಹೊಯ್ದರು. ಈಗ ಒಬ್ಬರ ಕೆಂಪು ಇನ್ನೊಬ್ಬರ ಕೆಂಪಿನಂತಿಲ್ಲ. ಹಸಿರು, ಹಳದಿ, ನೇರಳೆ, ಗುಲಾಬಿ ಎಂದು ಸೀರೆ ಅಂಗಡಿಯಾಗಿದೆ. ಕಾರ್ಖಾನೆಯವರು ಗುರುತಿಗೆಂದು ಬಳಿದ ಬಣ್ಣ ಜನರ ಬಾಯಲ್ಲಿ ವೈದ್ಯರ ಚೀಟಿಯಾಗಿ ಕೂತಿದೆ.

ಈ ಮೂರರ ಭಾರವನ್ನು ಚೆರಿಯವರೇ ಅಚ್ಚು ಹಾಕಿದ್ದಾರೆ. ಕೀಲಿ ಕೆಲಸ ಮಾಡಲು ಕೆಂಪಿಗೆ 45 ಸೆಂಟಿನ್ಯೂಟನ್ ಬಲ ಬೇಕು, ಕಂದಿಗೆ 55, ನೀಲಿಗೆ 60. ಒಂದು ಸೆಂಟಿನ್ಯೂಟನ್ ಎಂದರೆ ಸುಮಾರು ಒಂದು ಗ್ರಾಂ ತೂಕ. ಈಗ ಗಿಳಿಪಾಠವನ್ನು ಮತ್ತೊಮ್ಮೆ ಓದಿಕೊಳ್ಳಿ. ದಿನಕ್ಕೆ ಸಾವಿರಾರು ಸಲ ಕೀಲಿ ಒತ್ತಬೇಕಾದವನಿಗೆ ಮೂರರಲ್ಲಿ ಅತಿ ಬಿಗಿಯಾದದ್ದು, ಸಂಜೆ ಒಂದು ಗಂಟೆ ಆಟ ಆಡುವವನಿಗೆ ಅತಿ ಹಗುರವಾದದ್ದು. ಹೊರೆ ಹೊರುವ ಹಮಾಲಿಗೆ ಕಬ್ಬಿಣದ ಬುಟ್ಟಿ ಕೊಟ್ಟು, ಪಕ್ಕದಲ್ಲಿ ಕೈಬೀಸಿ ಬರುವವನಿಗೆ ಬಿದಿರಿನ ಬುಟ್ಟಿ ಕೊಟ್ಟ ಹಾಗೆ.

ಇದಕ್ಕೆ ಅವರದ್ದೊಂದು ಸಮರ್ಥನೆ ಇದೆ, ಅದನ್ನು ಪೂರ್ತಿ ಹೇಳಿಯೇ ಮುಂದೆ ಹೋಗುತ್ತೇನೆ. ಕ್ಲಿಕ್ ಎಂಬ ಸದ್ದು ಬಂದ ಕೂಡಲೇ ಅಕ್ಷರ ಬಿತ್ತು ಎಂದು ಬೆರಳಿಗೆ ತಿಳಿಯುತ್ತದೆ. ಕೀಲಿಯ ಪೂರ್ತಿ ಇಳಿತ 4 ಮಿಲಿಮೀಟರ್ ಆದರೂ ಅರ್ಧ ದಾರಿಯಲ್ಲೇ ಕೆಲಸ ಮುಗಿಯುವುದರಿಂದ ಬೆರಳು ತಳಕ್ಕೆ ಬಡಿಯದೆ ಅಲ್ಲಿಂದಲೇ ವಾಪಸು ಬರುತ್ತದೆ. ತಳಕ್ಕೆ ಬಡಿಯದಿದ್ದರೆ ಬೆರಳ ಗೆಣ್ಣಿಗೆ ಪೆಟ್ಟಿಲ್ಲ. ಕಾಗದದ ಮೇಲೆ ಸೊಗಸಾದ ವಾದ. ಒಂದು ರಾತ್ರಿ ಫ್ಯಾನ್ ಆರಿಸಿ, ನನ್ನದೇ ಟೈಪಿಂಗಿಗೆ ಕಿವಿಗೊಟ್ಟು ಕೂತೆ. ಪ್ರತಿ ಕೀಲಿಗೂ ಎರಡು ಸದ್ದು. ಮೊದಲು ಕ್ಲಿಕ್, ಅದರ ಬೆನ್ನಿಗೇ ಠಕ್. ಕ್ಲಿಕ್ ಸ್ವಿಚ್ಚಿನದು, ಠಕ್ ಕೀಲಿ ತಳಕ್ಕೆ ಬಡಿದದ್ದು. ಅರ್ಧ ಪುಟ ಹೊಡೆದರೂ ಠಕ್ ಇಲ್ಲದ ಕ್ಲಿಕ್ ಒಂದೂ ಸಿಗಲಿಲ್ಲ. ವೇಗವಾಗಿ ಹೋಗುವ ಬೆರಳಿಗೆ ಎರಡು ಮಿಲಿಮೀಟರಿನಲ್ಲಿ ಬ್ರೇಕ್ ಹಾಕು ಎಂದರೆ ಹಾಕುತ್ತದೆಯೇ? ಸದ್ದು ಕಿವಿಗೆ ಮುಟ್ಟಿ ಕೈಗೆ ಆಜ್ಞೆ ಹೋಗುವಷ್ಟರಲ್ಲಿ ಬೆರಳು ಮೂರನೇ ಅಕ್ಷರದಲ್ಲಿರುತ್ತದೆ. ನಿಮ್ಮ ಮನೆಯಲ್ಲಿ ನೀಲಿ ಇದ್ದರೆ ನೀವೂ ಕೇಳಿ ನೋಡಿ.

ಹಾಗಂತ ಮೆಕ್ಯಾನಿಕಲ್ ಕೀಬೋರ್ಡೇ ಮೋಸ ಎನ್ನುವ ಪಂಗಡದವನಲ್ಲ ನಾನು. ನಾನೂರು ರೂಪಾಯಿಯ ರಬ್ಬರ್ ಹಾಸಿನ ಕೀಬೋರ್ಡ್ ಎರಡು ವರ್ಷಕ್ಕೆ ಜಿಡ್ಡುಗಟ್ಟುತ್ತದೆ, ಒಂದು ಕೀಲಿ ಮೆತ್ತಗೆ, ಇನ್ನೊಂದು ಬಿಗಿ. ತಳ ಮುಟ್ಟುವವರೆಗೆ ಅದುಮದಿದ್ದರೆ ಅಕ್ಷರ ಬೀಳದು. ಮೆಕ್ಯಾನಿಕಲ್‌ನಲ್ಲಿ ಹತ್ತು ವರ್ಷವಾದರೂ ಎಲ್ಲ ಕೀಲಿಯ ಭಾರ ಒಂದೇ. ನಮ್ಮಲ್ಲಿ ಇದು ಹೊಸ ಶೋಕಿಯೂ ಅಲ್ಲ. ಬಣ್ಣದ ಲೈಟು ಮಿಂಚಿಸುವ ಈಗಿನ ಹುಡುಗರು ಹುಟ್ಟುವ ಮೊದಲೇ ಟಿವಿಎಸ್ ಗೋಲ್ಡ್ ಎಂಬ ದಪ್ಪ ಕೀಬೋರ್ಡ್ ಚೆರಿಯ ನೀಲಿ ಸ್ವಿಚ್ ಹೊತ್ತು ಬ್ಯಾಂಕಿನ ಕೌಂಟರ್, ಡಿಟಿಪಿ ಅಂಗಡಿ ಎಲ್ಲ ಕಡೆ ಕಟಕಟ ಎನ್ನುತ್ತಿತ್ತು. ಅದು ಬಾಳಿಕೆಗೆ ಹೆಸರಾಗಿತ್ತು. ಬಾಳಿಕೆ ಬೇರೆ, ಹಾಯೆನಿಸುವುದು ಬೇರೆ. ಗಟ್ಟಿ ಚಪ್ಪಲಿಯೆಲ್ಲ ಕಾಲು ಕಚ್ಚದ ಚಪ್ಪಲಿಯಲ್ಲ.

ಈಗ ಅಂಗಡಿಗೆ ಬನ್ನಿ. ನಾನು ಹೋದ ಕಡೆ ಹುಡುಗ ಅಂಗೈಯಗಲದ ಒಂದು ಹಲಗೆ ಮುಂದಿಟ್ಟ. ಮೂರು ಸಾಲು, ಒಂಬತ್ತು ಕೀಲಿ, ಒಂದೊಂದು ಒಂದೊಂದು ಬಣ್ಣದ ಸ್ವಿಚ್. “ಒತ್ತಿ ನೋಡಿ ಸಾರ್, ಯಾವುದು ಇಷ್ಟವಾಗುತ್ತೋ ಅದು.” ನಿಂತುಕೊಂಡು, ಹೆಗಲಿಗೆ ಬ್ಯಾಗ್ ನೇತುಹಾಕಿಕೊಂಡು, ತೋರುಬೆರಳಿನಿಂದ ಒಂದೊಂದನ್ನೇ ಒತ್ತಿದೆ. ನೀಲಿ ಬಹಳ ಖುಷಿ ಕೊಟ್ಟಿತು. ಪ್ಯಾಕಿಂಗಿನ ಗಾಳಿಗುಳ್ಳೆ ಒಡೆದಾಗಲೂ ಅಷ್ಟೇ ಖುಷಿಯಾಗುತ್ತದೆ. ಸಂಜೆ ನಾಲ್ಕಕ್ಕೆ, ಒಂಬತ್ತನೇ ಪುಟದಲ್ಲಿ, ಕಿರುಬೆರಳು ಏನನ್ನುತ್ತದೆ ಎಂಬುದಕ್ಕೂ ನಿಂತ ಕಾಲಲ್ಲಿ ತೋರುಬೆರಳಿಗೆ ಆದ ಖುಷಿಗೂ ಏನು ಸಂಬಂಧ? ಆ ಹಲಗೆಯಲ್ಲಿ ಕಿರುಬೆರಳಿಗೆ ಕೆಲಸವೇ ಇರಲಿಲ್ಲ. ಹುಡುಗ ಕೇಳಿದ್ದು ಎರಡೇ ಪ್ರಶ್ನೆ: ಬಜೆಟ್ ಎಷ್ಟು, ಲೈಟು ಬೇಕೋ ಬೇಡವೋ. ಮೇಜು ಎಷ್ಟೆತ್ತರ ಎಂದು ಕೇಳಲಿಲ್ಲ. ಯಾವ ಭಾಷೆ ಹೊಡೆಯುತ್ತೀರಿ ಎಂದಂತೂ ಕೇಳಲೇ ಇಲ್ಲ.

ನನ್ನ ಜಗಳ ಇರುವುದು ಇಲ್ಲೇ. ಹಿತವೆಂಬುದು ಸ್ವಿಚ್ಚಿನೊಳಗಿನ ಎರಡು ಮಿಲಿಮೀಟರಿನಲ್ಲಿ ಇಲ್ಲ. ಕೈ ಎಲ್ಲಿ ಕೂರುತ್ತದೆ, ಯಾವ ಬೆರಳು ಎಷ್ಟು ದೂರ ಚಾಚುತ್ತದೆ, ಯಾವ ಬೆರಳಿನ ಮೇಲೆ ಎಷ್ಟು ಹೊರೆ ಬೀಳುತ್ತದೆ ಎಂಬುದರಲ್ಲಿ ಇದೆ. ಆ ಹೊರೆ ಬರೆಯುವ ಭಾಷೆಯ ಮೇಲೆ ನಿಂತಿದೆ. ಗಿಳಿಪಾಠ ಹುಟ್ಟಿದ್ದು ಇಂಗ್ಲಿಷ್ ಹೊಡೆಯುವವರ ನಡುವೆ. ಅವರಿಗೆ ಶಿಫ್ಟ್ ಬೇಕಾಗುವುದು ವಾಕ್ಯಕ್ಕೊಮ್ಮೆ, ಹೆಸರಿಗೊಮ್ಮೆ.

ನಮಗೆ? ಕನ್ನಡದಲ್ಲಿ ಹೆಚ್ಚಿನವರು ಹೊಡೆಯುವುದು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ. ಸರ್ಕಾರ ಮಾನಕವೆಂದು ಒಪ್ಪಿದ್ದು, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಲ್ಲಿ ಇರುವುದು ಅದೇ. ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲೇ ಇಡೀ ವರ್ಣಮಾಲೆಯನ್ನು ಕೂರಿಸಿದ ಜಾಣ ವಿನ್ಯಾಸ ಅದು. ಒಂದು ವಾರದಲ್ಲಿ ಯಾರಾದರೂ ಕಲಿಯಬಹುದು. ಒತ್ತಕ್ಷರ ಬೇಕಾದರೆ ‘ಎಫ್’. ಅಕ್ಕ, ಅಣ್ಣ, ಇಲ್ಲ, ಎತ್ತು, ಎಲ್ಲಕ್ಕೂ ನಡುವೆ ಒಂದು ಎಫ್. ತೋರುಬೆರಳು ತಡವಿಕೊಂಡು ಜಾಗ ಗುರುತಿಸಲೆಂದು ಎಫ್ ಕೀಲಿಯ ಮೇಲೆ ಸಣ್ಣದೊಂದು ಉಬ್ಬುಗೆರೆ ಇರುತ್ತದಲ್ಲ, ನಮ್ಮ ಒತ್ತಕ್ಷರಗಳ ಮನೆ ಅದು. ಇಷ್ಟು ಕಣ್ಣಿಗೊತ್ತಿಕೊಳ್ಳುವಂತಿದೆ. ಆದರೆ ಇಪ್ಪತ್ತಾರರಲ್ಲಿ ಐವತ್ತನ್ನು ತುಂಬಿಸಿದ್ದಕ್ಕೆ ಬಾಡಿಗೆ ಕಟ್ಟುವುದು ಶಿಫ್ಟ್ ಕೀಲಿ. ದೀರ್ಘ ಬೇಕೆ, ಶಿಫ್ಟ್. ಮಹಾಪ್ರಾಣ ಬೇಕೆ, ಶಿಫ್ಟ್. ಣ, ಳ, ಶ, ಸೊನ್ನೆ, ಎಲ್ಲಕ್ಕೂ ಶಿಫ್ಟ್. ಸೊನ್ನೆಯೂ ಳಕಾರವೂ ಇಲ್ಲದ ಕನ್ನಡ ವಾಕ್ಯ ಹುಡುಕಿ ನೋಡೋಣ.

ಪತ್ರಿಕೆಗಳಲ್ಲಿ ದಿನಾ ಬರುವ ಒಂದು ಪದ ಹೊಡೆದು ನೋಡಿ: ಕಾರಣಾಂತರಗಳಿಂದ. ಹದಿಮೂರು ಕೀಲಿ. ಕಾ ದೀರ್ಘಕ್ಕೆ ಶಿಫ್ಟ್, ಣಕ್ಕೆ ಶಿಫ್ಟ್, ಅದರ ದೀರ್ಘಕ್ಕೆ ಶಿಫ್ಟ್, ಸೊನ್ನೆಗೆ ಶಿಫ್ಟ್, ಳಕ್ಕೆ ಶಿಫ್ಟ್, ಮತ್ತೆ ಸೊನ್ನೆಗೆ ಶಿಫ್ಟ್. ಹದಿಮೂರರಲ್ಲಿ ಆರು. ‘ಶಾಲೆಗಳಲ್ಲಿ’ ಎಂಬ ಸಾಧು ಪದಕ್ಕೂ ಹತ್ತರಲ್ಲಿ ಮೂರು. ಈ ಆರನ್ನೂ ಮೂರನ್ನೂ ಒತ್ತುವವರು ಯಾರು? ಎಡಗೈಯ ಕಿರುಬೆರಳು. ಐದು ಬೆರಳಲ್ಲಿ ಬಡಪಾಯಿ ಅದೇ.

ಟೈಪಿಂಗ್ ಶಾಸ್ತ್ರದ ಪ್ರಕಾರ ಎಡಗೈ ಅಕ್ಷರಕ್ಕೆ ಬಲಗಡೆಯ ಶಿಫ್ಟ್, ಬಲಗೈ ಅಕ್ಷರಕ್ಕೆ ಎಡಗಡೆಯದು. ಎಷ್ಟು ಜನ ಹಾಗೆ ಹೊಡೆಯುತ್ತಾರೆ? ನನ್ನ ಕೈಯನ್ನೇ ಮೊಬೈಲಿನಲ್ಲಿ ವಿಡಿಯೊ ಮಾಡಿ ನೋಡಿದೆ. ಬಲಗಡೆಯ ಶಿಫ್ಟ್ ಮೇಲೆ ದೂಳು ಕೂತಿತ್ತು. ದೀರ್ಘಕ್ಕೆ ಬೇಕಾದ ‘ಎ’ ಕೀಲಿ ಕಿರುಬೆರಳಿನ ಸ್ವಂತ ಜಾಗ. ಆದರೆ ಆ ಬೆರಳು ಆಗಲೇ ಕೆಳಗಿಳಿದು ಶಿಫ್ಟ್ ಅದುಮಿ ಕೂತಿದೆ. ಹಾಗಾಗಿ ಉಂಗುರ ಬೆರಳು ಅಡ್ಡಬಂದು ‘ಎ’ ಒತ್ತುತ್ತದೆ, ಇಡೀ ಮಣಿಕಟ್ಟು ಹೊರಗಡೆಗೆ ತಿರುಚಿಕೊಳ್ಳುತ್ತದೆ. ಒಂದೊಂದು ದೀರ್ಘಕ್ಕೂ ಒಂದೊಂದು ತಿರುಚು. ಇಂಥ ಬೆರಳ ಮುಂದೆ ಹೋಗಿ ನೀಲಿಯೋ ಕೆಂಪೋ ಎಂದು ಕೇಳುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಇನ್‌ಸ್ಕ್ರಿಪ್ಟ್ ಕಲಿತವರು ಇಲ್ಲಿ ಮೀಸೆ ತಿರುವಬಹುದು, ತಿರುವಲಿ. ಕೇಂದ್ರ ಸರ್ಕಾರ ಭಾರತದ ಭಾಷೆಗಳಿಗೆಲ್ಲ ಒಂದೇ ಎಂದು ಮಾಡಿದ ಆ ವಿನ್ಯಾಸದಲ್ಲಿ ಸ್ವರವೆಲ್ಲ ಎಡಗೈಗೆ, ವ್ಯಂಜನ ಬಹುಪಾಲು ಬಲಗೈಗೆ. ದೀರ್ಘವೂ ಸೊನ್ನೆಯೂ ಶಿಫ್ಟ್ ಇಲ್ಲದೆ ಬರುತ್ತವೆ. ಅದೇ ‘ಕಾರಣಾಂತರಗಳಿಂದ’ಕ್ಕೆ ಅಲ್ಲೂ ಹದಿಮೂರೇ ಕೀಲಿ, ಆದರೆ ಶಿಫ್ಟ್ ಎರಡೇ, ಣಕ್ಕೊಂದು, ಳಕ್ಕೊಂದು. ಇಪ್ಪತ್ತು ವರ್ಷದವನಾಗಿದ್ದರೆ ಇವತ್ತೇ ಅದಕ್ಕೆ ಹಾರುತ್ತಿದ್ದೆ. ಐವತ್ತು ದಾಟಿದ ಕೈಗೆ ಅಕ್ಷರದ ಜಾಗ ಮರೆಸಿ ಮತ್ತೆ ಕಲಿಸುವುದು ಬಹಳ ಕಷ್ಟ. ಗಡುವು ತಲೆಯ ಮೇಲಿರುವಾಗಲಂತೂ ಆಗದ ಮಾತು.

ಹಾಗಾದರೆ ದಾರಿ? ಕೈಯಲ್ಲಿ ಸುಮ್ಮನೆ ಕೂತು ಉಣ್ಣುವ ಒಬ್ಬ ದೊಡ್ಡಪ್ಪ ಇದ್ದಾನೆ, ಹೆಬ್ಬೆರಳು. ಐದರಲ್ಲೂ ಬಲಶಾಲಿ, ಎರಡು ಕೈಯದೂ ಸೇರಿ ಅವನಿಗೆ ಕೊಟ್ಟಿರುವ ಕೆಲಸ ಸ್ಪೇಸ್ ಒಂದೇ. ಇದು ಅನ್ಯಾಯ ಎಂದು ಹೊಳೆದವರು ನಾನು ಮೊದಲನೆಯವನಲ್ಲ. 1970ರ ದಶಕದಲ್ಲೇ ಇಂಗ್ಲೆಂಡಿನಲ್ಲಿ ಲಿಲಿಯನ್ ಮಾಲ್ಟ್ ಮತ್ತು ಸ್ಟೀಫನ್ ಹಾಬ್‌ಡೇ ಮಾಲ್ಟ್ರಾನ್ ಎಂಬ ಕೀಬೋರ್ಡ್ ಮಾಡಿ ಹೆಬ್ಬೆರಳಿಗೆ ಕೀಲಿಗಳ ಒಂದು ಗೊಂಚಲನ್ನೇ ವಹಿಸಿದರು. ಅಮೆರಿಕದ ಕಿನೆಸಿಸ್ 1990ರ ದಶಕದಲ್ಲಿ ಅದೇ ಜಾಡು ಹಿಡಿಯಿತು, ಆಮೇಲೆ ಎರಡು ತುಂಡಾದ ಎರ್ಗೋಡಾಕ್ಸ್ ಬಂತು. ಇವುಗಳಲ್ಲಿ ಕೀಲಿಗಳು ನೇರ ಕಂಬಸಾಲಿನಲ್ಲಿವೆ. ನಮ್ಮ ನಿಮ್ಮ ಕೀಬೋರ್ಡಿನಲ್ಲಿ ಒಂದು ಸಾಲಿಗಿಂತ ಮುಂದಿನ ಸಾಲು ಪಕ್ಕಕ್ಕೆ ಸರಿದಿರುವುದು ಬೆರಳಿನ ಸುಖಕ್ಕಲ್ಲ. 1870ರ ದಶಕದ ಶೋಲ್ಸ್ ಟೈಪ್‌ರೈಟರಿನಲ್ಲಿ ಒಂದೊಂದು ಕೀಲಿಯ ಹಿಂದೆ ಒಂದೊಂದು ಸಲಾಕೆ ಇತ್ತು, ಒಂದರ ಪಕ್ಕ ಇನ್ನೊಂದು ಹಾಯಬೇಕಾದ್ದರಿಂದ ಕೀಲಿಗಳನ್ನು ಸರಿಸಿ ಕೂರಿಸಿದರು. ಸಲಾಕೆ ಹೋಗಿ ಎಷ್ಟು ಕಾಲವಾಯಿತು, ಸೊಟ್ಟ ಹಾಗೇ ಉಳಿದಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನನ್ನನ್ನು ಹಂಗಿಸುವವರಿಗೆ ಇಷ್ಟೇ ಉತ್ತರ: ಇಲ್ಲಿ ನೆಲ ನಿಜವಾಗಿಯೂ ಡೊಂಕು.

ಅಂಥ ಕೀಬೋರ್ಡ್ ಹೊರದೇಶದಿಂದ ತರಿಸಲು ನನ್ನಂಥವನ ಜೇಬು ಸಾಲದು. ಬೇಕಾಗಿಯೂ ಇಲ್ಲ. ಕೀಬೋರ್ಡಿನೊಳಗಿನ ಚಿಪ್‌ನಲ್ಲೇ ಯಾವ ಕೀಲಿ ಏನು ಮಾಡಬೇಕೆಂದು ಬರೆದಿಡುವ ಕ್ಯೂಎಂಕೆ ಎಂಬ ಮುಕ್ತ ತಂತ್ರಾಂಶವಿದೆ. ಅದನ್ನು ಮೌಸಿನಲ್ಲೇ ಬದಲಿಸುವ ವಯಾ ಇದೆ. ಇವೆರಡನ್ನು ಒಪ್ಪುವ ಮೆಕ್ಯಾನಿಕಲ್ ಕೀಬೋರ್ಡ್‌ಗಳು ಈಗ ಸಾಧಾರಣ ಬೆಲೆಗೂ ಸಿಗುತ್ತವೆ. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಬಣ್ಣದ್ದಲ್ಲ, ಇದು. ಅಂಥದ್ದೊಂದರಲ್ಲಿ ನಾನು ಮಾಡಿಕೊಂಡದ್ದು ಒಂದೇ ಬದಲಾವಣೆ: ಸ್ಪೇಸ್ ಪಟ್ಟಿಯನ್ನು ತಟ್ಟಿ ಬಿಟ್ಟರೆ ಸ್ಪೇಸ್, ಒತ್ತಿ ಹಿಡಿದರೆ ಶಿಫ್ಟ್. ಬರೆದಿಟ್ಟದ್ದು ಕೀಬೋರ್ಡಿನಲ್ಲೇ ಇರುವುದರಿಂದ ಯಾವ ಕಂಪ್ಯೂಟರಿಗೆ ಸಿಕ್ಕಿಸಿದರೂ ನಡೆಯುತ್ತದೆ, ನುಡಿಗೂ ಗೊತ್ತಾಗುವುದಿಲ್ಲ.

ಮೊದಲ ಎರಡು ವಾರ ಮರ್ಯಾದೆ ಹೋಯಿತು, ಮುಚ್ಚಿಡುವುದಿಲ್ಲ. ಸ್ಪೇಸಿನಿಂದ ಹೆಬ್ಬೆರಳು ಎತ್ತುವ ಮೊದಲೇ ಮುಂದಿನ ಅಕ್ಷರ ಬಿದ್ದರೆ ಯಂತ್ರ ಅದನ್ನು ಶಿಫ್ಟ್ ಎಂದು ತಿಳಿಯುತ್ತಿತ್ತು. “ಅದು ಸರಿ” ಎಂಬುದು “ಅದುಶರಿ” ಆಯಿತು. “ಆದರೆ ನಾನು” ಎಂಬುದು “ಆದರೆಣಾನು”. ಒಬ್ಬ ಸಂಪಾದಕರು ಫೋನ್ ಮಾಡಿ, “ಏನು ಸ್ವಾಮಿ, ಹಲ್ಲು ಕಟ್ಟಿಸಿಕೊಂಡಿರಾ?” ಎಂದು ಕೇಳಿದರು. ಆದರೆ ಮೂರನೇ ವಾರ ಕಿರುಬೆರಳು ತಣ್ಣಗಾಯಿತು.

ಮಣಿಕಟ್ಟಿನ ನೋವು ಮಾತ್ರ ಹೋಗಿರಲಿಲ್ಲ. ಅದರ ಕಾರಣ ಕೀಬೋರ್ಡೇ ಅಲ್ಲ, ಮೇಜು. ನಾನು ಬರೆಯುವುದು ಊಟದ ಮೇಜಿನ ಮೇಲೆ, 30 ಇಂಚು ಎತ್ತರ. ಕುರ್ಚಿಯಲ್ಲಿ ಪಾದ ನೆಲಕ್ಕೂರಿ ಕೂತರೆ ನನ್ನ ಮೊಣಕೈ ಇರುವುದು 26 ಇಂಚಿನಲ್ಲಿ. ಮೇಜಿನೆತ್ತರದ ಮೇಲೆ ಮೆಕ್ಯಾನಿಕಲ್ ಕೀಬೋರ್ಡಿನ ದಪ್ಪ ಬೇರೆ. ರಬ್ಬರಿನ ತೆಳು ಕೀಬೋರ್ಡಿಗಿಂತ ಇದು ದಪ್ಪ ಎಂಬುದನ್ನು ಮಾರುವವರು ಯಾರೂ ಹೇಳುವುದಿಲ್ಲ. ಅಷ್ಟೆತ್ತರಕ್ಕೆ ಕೈ ಏರಬೇಕಾದರೆ ಹೆಗಲು ಎತ್ತಬೇಕು, ಇಲ್ಲವೇ ಮಣಿಕಟ್ಟು ಹಿಂದಕ್ಕೆ ಮಡಿಯಬೇಕು. ಇದರ ಜೊತೆಗೆ ಕೀಬೋರ್ಡಿನ ಹಿಂಬದಿಯ ಎರಡು ಪುಟ್ಟ ಕಾಲುಗಳನ್ನು ಬಿಡಿಸಿ ನಿಲ್ಲಿಸುವುದು ನಮ್ಮಲ್ಲಿ ಪದ್ಧತಿಯೇ ಆಗಿದೆ, ಪೊಟ್ಟಣ ಬಿಚ್ಚಿದ ಕೂಡಲೇ ಮಾಡುವ ಮೊದಲ ಕೆಲಸ. ಕಾಲು ನಿಲ್ಲಿಸಿದರೆ ಹಿಂದಿನ ಸಾಲು ಮೇಲೇಳುತ್ತದೆ, ಮಣಿಕಟ್ಟು ಇನ್ನಷ್ಟು ಮಡಿಯುತ್ತದೆ. ಅಕ್ಷರ ನೋಡಿಕೊಂಡು ಹೊಡೆಯುವವರಿಗೆ ಅದು ಸಹಾಯ ಇರಬಹುದು. ನೋಡದೆ ಹೊಡೆಯುವವರಿಗೆ ದಂಡ. ನಮ್ಮ ಬೀದಿಯ ಬಡಗಿ 900 ರೂಪಾಯಿಗೆ ಮೇಜಿನ ಅಡಿಗೆ ಜಾರುವ ಹಲಗೆಯೊಂದನ್ನು ಕೂರಿಸಿಕೊಟ್ಟ, ಕೀಬೋರ್ಡಿನ ಕಾಲು ಮಡಚಿದೆ. 4,800 ಮಾಡದ್ದನ್ನು 900 ಮಾಡಿತು. ಬಲ ಹೆಗಲೂ ನೋಯುತ್ತಿತ್ತು, ಅದಕ್ಕೆ ಕಾರಣ ಬಲಗಡೆಯ ನಂಬರ್ ಪ್ಯಾಡ್. ಅದು ಮೌಸನ್ನು ಗೇಣು ದೂರ ತಳ್ಳಿ ಕೈಯನ್ನು ಹೊರಗೆ ಚಾಚಿಸುತ್ತಿತ್ತು. ಲೆಕ್ಕಪತ್ರ ಬರೆಯುವವರಿಗೆ ಅದು ಬೇಕೇಬೇಕು, ಕಥೆ ಬರೆಯುವವರಿಗೆ ಯಾಕೆ?

ಹಳೆಯ ಟೈಪ್‌ರೈಟರ್ ತಲೆಮಾರಿನವರು ಈ ಮಾತಿಗೆ ನಗುತ್ತಾರೆ. “ನಾವು ರೆಮಿಂಗ್ಟನ್ ಕುಟ್ಟಿದವರಪ್ಪ, ಗೋದ್ರೆಜ್ ಕುಟ್ಟಿದವರು. ನಿಮ್ಮ ಗ್ರಾಮು ಸೆಂಟಿಗ್ರಾಮು ನಮಗೆ ಗೊತ್ತೇ ಇರಲಿಲ್ಲ, ನೋವೂ ಇರಲಿಲ್ಲ.” ಅವರ ಮೇಲೆ ಗೌರವವಿಟ್ಟೇ ಹೇಳುತ್ತೇನೆ, ಇದು ನನ್ನ ವಾದಕ್ಕೇ ಸಾಕ್ಷಿ. ಅಷ್ಟು ಬಿಗಿಯಾದ ಕೀಲಿ ಕುಟ್ಟಿಯೂ ಕೈ ಉಳಿದಿತ್ತೆಂದರೆ ಕೀಲಿಯ ಬಿಗಿ ಮುಖ್ಯವಲ್ಲ ಎಂದಾಯಿತಲ್ಲ. ಏನು ಉಳಿಸಿತು ಅವರನ್ನು? ಸಾಲು ಮುಗಿಯುವಾಗ ಟಿಣ್ ಎಂದು ಗಂಟೆ ಬಾರಿಸುತ್ತಿತ್ತು, ಎಡಗೈ ಎತ್ತಿ ಸನ್ನೆ ಹಿಡಿದು ಗಾಡಿ ತಳ್ಳಬೇಕಿತ್ತು. ಹಾಳೆ ಮುಗಿದರೆ ಕಳಚಬೇಕು, ಕಾರ್ಬನ್ ಇಟ್ಟು ಹೊಸದು ಸುತ್ತಬೇಕು. ಸಾಲಿಗೊಮ್ಮೆ, ಪುಟಕ್ಕೊಮ್ಮೆ ಕೈಗೆ ಬೇರೆ ಕೆಲಸ. ಮಣಿಕಟ್ಟನ್ನು ಮೇಜಿಗೆ ಊರಿದರೆ ಇನ್‌ಸ್ಟಿಟ್ಯೂಟಿನ ಮೇಷ್ಟ್ರ ಅಡಿಕೋಲು ಬೀಳುತ್ತಿತ್ತು, ಆದ್ದರಿಂದ ಕೈ ತೇಲುತ್ತಿತ್ತು. ನಾವು ನಾಲ್ಕು ಗಂಟೆ ಕೈ ಎತ್ತದೆ, ಮಣಿಕಟ್ಟನ್ನು ಮೇಜಿನ ಅಂಚಿಗೆ ಒರಗಿಸಿ ಹೊಡೆಯುತ್ತೇವೆ. ಅಂಗಡಿಯವರು ಈಗ ಅದಕ್ಕೂ ಒಂದು ಮೆತ್ತೆ ಮಾರುತ್ತಾರೆ. ಹೊಡೆಯುವಾಗ ಅದರ ಮೇಲೆ ಕೈ ಊರುವುದಲ್ಲ, ನಿಲ್ಲಿಸಿದಾಗ ಇಡುವುದು.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ರಾತ್ರಿ ಬೆರಳು ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ, ಲೋಟ ಕೈಜಾರುತ್ತಿದ್ದರೆ, ಎಸ್.ಪಿ. ರಸ್ತೆಗೆ ಹೋಗಬೇಡಿ, ವೈದ್ಯರ ಹತ್ತಿರ ಹೋಗಿ. ಅದು ಕೀಬೋರ್ಡ್ ಕೊಳ್ಳುವ ಪ್ರಶ್ನೆಯಲ್ಲ.

ಇಷ್ಟೆಲ್ಲ ಆದಮೇಲೂ ಸ್ವಿಚ್ ಲೆಕ್ಕಕ್ಕೇ ಇಲ್ಲ ಎನ್ನುತ್ತೀರಾ ಎಂದರೆ, ಇದೆ, ಕೊನೆಯ ಲೆಕ್ಕಕ್ಕೆ ಇದೆ. ಮೇಜು, ಕೈ, ಶಿಫ್ಟ್ ಎಲ್ಲ ಸರಿಹೋದ ಮೇಲೆ ಉಳಿಯುವ ಸಣ್ಣ ರುಚಿಯ ಪ್ರಶ್ನೆ, ಕಾಫಿಗೆ ಎಷ್ಟು ಚಿಕೋರಿ ಎನ್ನುವಂಥದ್ದು. ಆಗ ಹಗುರವಾದದ್ದನ್ನು ಮೊದಲು ನೋಡಿ. ಕೂತು, ಎರಡೂ ಕೈಯಿಂದ, ಕನ್ನಡದಲ್ಲೇ ಒಂದು ಪುಟ ಹೊಡೆದು ನೋಡಿ. ಸ್ನೇಹಿತರ ಮನೆಯಲ್ಲಿದ್ದರೆ ವಾರದ ಮಟ್ಟಿಗೆ ಕೇಳಿ ತನ್ನಿ. ಸದ್ದು ಇಷ್ಟವೆಂದು ನೀಲಿಯನ್ನೇ ಕೊಂಡರೆ ನನ್ನ ತಕರಾರಿಲ್ಲ. ಸದ್ದಿಗಾಗಿ ಕೊಂಡೆ ಎನ್ನಿ, ಕೈಗಾಗಿ ಎನ್ನಬೇಡಿ.

ನನ್ನ ನೀಲಿ ಕೀಬೋರ್ಡ್ ಈಗ ದಾವಣಗೆರೆಯಲ್ಲಿ ತಂಗಿಯ ಮಗನ ಹತ್ತಿರ ಇದೆ. ಎಂಜಿನಿಯರಿಂಗ್ ಓದುತ್ತಿದ್ದಾನೆ, ಆ ಕೀಬೋರ್ಡಿನಲ್ಲಿ ಒಂದು ಸಾಲೂ ಬರೆದಿರಲಿಕ್ಕಿಲ್ಲ, ರಾತ್ರಿ ಎಲ್ಲ ಗೇಮ್. “ಸೌಂಡ್ ಸಖತ್ತಾಗಿದೆ ಮಾಮ” ಎನ್ನುತ್ತಾನೆ. ತಂಗಿ ನನ್ನೊಡನೆ ಸರಿಯಾಗಿ ಮಾತಾಡುತ್ತಿಲ್ಲ. ಈ ಲೇಖನ ಹೊಡೆದದ್ದು ಕೆಂಪಿನಲ್ಲಿ.